ತಪ್ಪು ಲಾರಿಯದು, ಬೆಲೆ ಬಿದ್ದದ್ದು ನನ್ನ ಕಾರಿನದು

ಮಾನ್ಯ ಸಂಪಾದಕರೇ,

ಹೋದ ತಿಂಗಳು ನನ್ನ ಕಾರು ಮಾರಿದೆ. ಸಿಗಬೇಕಾದ ಬೆಲೆಗಿಂತ ಒಂದು ಲಕ್ಷದ ಐದು ಸಾವಿರ ರೂಪಾಯಿ ಕಡಿಮೆಗೆ. ಎಂಜಿನ್ ಚೆನ್ನಾಗಿತ್ತು, ಒಂದು ಸರ್ವಿಸ್ ಕೂಡ ತಪ್ಪಿಸಿರಲಿಲ್ಲ, ಓಡಿದ್ದು 42 ಸಾವಿರ ಕಿಲೋಮೀಟರ್ ಮಾತ್ರ. ಬೆಲೆ ಬಿದ್ದದ್ದು ಒಂದೇ ಕಾರಣಕ್ಕೆ. ಅದಕ್ಕೆ ಒಮ್ಮೆ ಹಿಂದಿನಿಂದ ಲಾರಿ ಗುದ್ದಿತ್ತು. ನಾನು ಹೋಗಿ ಗುದ್ದಿದ್ದಲ್ಲ, ನಿಂತಿದ್ದ ಕಾರಿಗೆ ಅದು ಬಂದು ಗುದ್ದಿದ್ದು. ಈ ಒಂದು ಲಕ್ಷವನ್ನು ಯಾರು ತುಂಬಿಕೊಡಬೇಕು ಅಂತ ನಾನು ಕೇಳದ ಜಾಗ ಇಲ್ಲ. ಆ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ದಯವಿಟ್ಟು ಪ್ರಕಟಿಸಿ.

2024ರ ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಬೆಂಗಳೂರಿನಿಂದ ತುಮಕೂರಿಗೆ ಬರುತ್ತಿದ್ದೆ. ಕ್ಯಾತ್ಸಂದ್ರ ಟೋಲ್ ಹತ್ತಿರ ವಾಹನಗಳ ಸಾಲು ನಿಂತಿತ್ತು. ನಾನೂ ನಿಂತೆ, ಹ್ಯಾಂಡ್ ಬ್ರೇಕ್ ಹಾಕಿದೆ. ಹಿಂದೆ ಬಂದ ಲಾರಿ ನಿಲ್ಲಲಿಲ್ಲ. ದೇವರು ದೊಡ್ಡವನು, ನನಗೂ ಪಕ್ಕದಲ್ಲಿದ್ದ ಮಗಳಿಗೂ ಏನೂ ಆಗಲಿಲ್ಲ. ಡಿಕ್ಕಿ ಬಾಗಿಲು ಒಳಗೆ ಮಡಚಿಕೊಂಡಿತು, ಬಂಪರ್ ಪುಡಿಯಾಯಿತು, ಬಲಗಡೆ ಹಿಂದಿನ ಚಕ್ರದ ಮೇಲಿನ ತಗಡು ಪೂರ್ತಿ ಕುಗ್ಗಿಹೋಯಿತು.

ಡ್ರೈವರ್ ಇಳಿದು ಬಂದ. ಇಪ್ಪತ್ತೈದು ವರ್ಷ ಇರಬಹುದು, ರಾತ್ರಿಯಿಡೀ ಗಾಡಿ ಓಡಿಸಿದ ಕಣ್ಣು. "ಅಕ್ಕಾ, ನಂದೇ ತಪ್ಪು. ಕೇಸು ಮಾತ್ರ ಬೇಡಕ್ಕಾ, ಓನರ್ ಕೆಲಸದಿಂದ ತೆಗೀತಾರೆ" ಅಂದ. ನನಗೆ ಪಾಪ ಅನಿಸಿತು. ಸ್ಟೇಷನ್ನಿಗೆ ಹೋದೆವು, ಆದರೆ ಎಫ್‌ಐಆರ್ ಮಾಡಿಸಲಿಲ್ಲ. ಇಬ್ಬರೂ ರಾಜಿ ಪತ್ರ ಬರೆದುಕೊಟ್ಟು ಬಂದೆವು. ಅವನ ಹತ್ತಿರ ಒಂದು ರೂಪಾಯಿಯನ್ನೂ ನಾನು ಕೇಳಲಿಲ್ಲ. ನನ್ನ ಇನ್ಶೂರೆನ್ಸ್ ಇದೆಯಲ್ಲ, ಅದರಲ್ಲೇ ಮಾಡಿಸಿಕೊಳ್ಳೋಣ ಅಂದುಕೊಂಡೆ. ನಮ್ಮಲ್ಲಿ ಸುಮಾರು ಜನ ಹೀಗೇ ಮಾಡುವುದು, ಅಲ್ವಾ?

ರಿಪೇರಿ ಬಿಲ್ 1,28,000 ರೂಪಾಯಿ ಆಯಿತು. ವಿಮಾ ಕಂಪನಿ ಸರಿಯಾಗಿ ಒಂದು ಲಕ್ಷ ಕೊಟ್ಟಿತು. ಮಿಕ್ಕ 28 ಸಾವಿರ ನನ್ನ ಕೈಯಿಂದ. ಯಾಕೆ ಅಂತ ಕೇಳಿದಾಗ, ಹಾನಿ ಎಷ್ಟು ಅಂತ ಅಳೆಯಲು ಬಂದಿದ್ದ ವಿಮೆಯ ಸರ್ವೇಯರ್ ಕೂರಿಸಿಕೊಂಡು ವಿವರಿಸಿದರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ದೂರಿಲ್ಲ. ಕಾರಿಗೆ ಮೂರು ವರ್ಷ ದಾಟಿ ನಾಲ್ಕರೊಳಗೆ ಇದ್ದರೆ ತಗಡಿನ ಭಾಗಗಳಿಗೆ ನೂರಕ್ಕೆ 25 ಸವಕಳಿ, ಅಂದರೆ ಹಳೆಯದಾದದ್ದಕ್ಕೆ ಅಂತ, ಕಳೆಯುತ್ತಾರೆ. ಪ್ಲಾಸ್ಟಿಕ್ಕು, ರಬ್ಬರಿಗೆ ಕಾರು ಎಷ್ಟೇ ಹೊಸದಿರಲಿ ನೂರಕ್ಕೆ 50. ಪೇಂಟಿನ ಸಾಮಾನಿಗೂ 50. ಜೊತೆಗೆ 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ ಒಂದು ಸಾವಿರ. ಹೀಗೆ ತಗಡಿಗೆ 13 ಸಾವಿರ, ಬಂಪರು ಮತ್ತು ಬೀಡಿಂಗಿಗೆ 11, ಪೇಂಟಿಗೆ 3, ಕಡ್ಡಾಯ ಕಡಿತ 1, ಒಟ್ಟು 28. ಸವಕಳಿ ಕಳೆಯದೆ ಕೊಡುವ ಜೀರೋ ಡೆಪ್ ಅನ್ನುವ ಸೌಲಭ್ಯವನ್ನು ಆ ವರ್ಷವೇ ಬಿಟ್ಟಿದ್ದೆ, ಅದಿದ್ದರೆ ಹೆಚ್ಚಿನದು ಉಳಿಯುತ್ತಿತ್ತು. ಆಯ್ತು, ಅದು ನನ್ನ ಲೆಕ್ಕಾಚಾರ.

ಮುಂದಿನ ಮಾರ್ಚ್‌ನಲ್ಲಿ ಪಾಲಿಸಿ ನವೀಕರಿಸುವಾಗ ಎರಡನೇ ಪೆಟ್ಟು ಬಿತ್ತು. ಮೂರು ವರ್ಷ ಕ್ಲೇಮ್ ಮಾಡದೆ 35 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ಕೂಡಿಸಿಕೊಂಡಿದ್ದೆ, ಆ ವರ್ಷ ಅದು 45 ಆಗಬೇಕಿತ್ತು. ಸೊನ್ನೆ ಆಯಿತು. ಕುಡಿದು ಹೋಗಿ ಮರಕ್ಕೆ ಗುದ್ದಿದವನಿಗೆ ಕ್ಲೇಮೇ ಸಿಗುವುದಿಲ್ಲ, ಅದು ಬೇರೆ ಮಾತು. ಆದರೆ ಅಜಾಗರೂಕತೆಯಿಂದ ಗೋಡೆಗೆ ಗುದ್ದಿಕೊಂಡು ಕ್ಲೇಮ್ ಮಾಡಿದವರಿಗೂ, ಟೋಲ್ ಸಾಲಿನಲ್ಲಿ ಸುಮ್ನೆ ನಿಂತಿದ್ದ ನನಗೂ ಒಂದೇ ಶಿಕ್ಷೆ. ಇದು ಯಾವ ನ್ಯಾಯ?

ಇಷ್ಟನ್ನೆಲ್ಲ ನುಂಗಿಕೊಂಡಿದ್ದೆ. ಮಗಳ ಕಾಲೇಜು ಫೀಸಿಗೆ ದುಡ್ಡು ಬೇಕಾಗಿ ಈ ನವೆಂಬರ್‌ನಲ್ಲಿ ಕಾರು ಮಾರಲು ಹೊರಟಾಗಲೇ ದೊಡ್ಡ ನಷ್ಟ ಕಣ್ಣಿಗೆ ಬಿದ್ದದ್ದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಒಂದು ಕಡೆ ಮಾಡೆಲ್, ವರ್ಷ, ಕಿಲೋಮೀಟರ್ ಹೇಳಿದಾಗ 5 ಲಕ್ಷ 60 ಸಾವಿರ ಬರಬಹುದು ಅಂದರು. ನಮ್ಮ ಬೀದಿಯಲ್ಲೇ ಒಬ್ಬರು ಅದೇ ವರ್ಷದ ಅದೇ ಕಾರನ್ನು 5 ಲಕ್ಷ 55 ಸಾವಿರಕ್ಕೆ ಕೊಟ್ಟಿದ್ದರು, ಹಾಗಾಗಿ ನನಗೂ ಅದು ಸರಿಯಾದ ಬೆಲೆ ಅನಿಸಿತು. ಮನೆಗೆ ಬಂದು ಕಾರು ನೋಡಿದ ಹುಡುಗ ಜೇಬಿನಿಂದ ಚಿಕ್ಕ ಮೀಟರ್ ತೆಗೆದು ಬಾಡಿ ಮೇಲೆ ಒಂದೊಂದು ಕಡೆ ಇಟ್ಟು ನೋಡುತ್ತ ಬಂದ. ಪೇಂಟ್ ಎಷ್ಟು ದಪ್ಪ ಇದೆ ಅಂತ ಅಳೆಯುವ ಮೀಟರ್ ಅದು. ಕಂಪನಿ ಪೇಂಟ್ ಇದ್ದ ಬಾಗಿಲಿನ ಮೇಲೆ ನೂರಾ ಚಿಲ್ಲರೆ ಮೈಕ್ರಾನ್ ತೋರಿಸಿತು. ಹಿಂದಿನ ಚಕ್ರದ ಮೇಲೆ ಇಟ್ಟಾಗ ಆರುನೂರು ದಾಟಿತು, ಕೆಳಗೆ ಪುಟ್ಟಿ ಇದೆ ಅಂತ ಅರ್ಥ. ಆಮೇಲೆ ಡಿಕ್ಕಿಯ ಮ್ಯಾಟ್ ಎತ್ತಿ ವೆಲ್ಡಿಂಗ್ ಗುರುತು ನೋಡಿದ, ಬೋಲ್ಟುಗಳ ತಲೆ ಮೇಲೆ ಪೇಂಟ್ ಎದ್ದಿದೆಯಾ ನೋಡಿದ. ನಾನು ಮುಚ್ಚಿಡಲಿಲ್ಲ. ಅಪಘಾತದ ಕತೆ ಹೇಳಿ ಬಿಲ್ಲನ್ನೂ ಕೈಗೆ ಕೊಟ್ಟೆ.

"ಮೇಡಂ, ನೀವು ಹೇಳಿದ್ದು ನಂಬ್ತೀನಿ. ಆದರೆ ನನ್ನ ಮೊಬೈಲಲ್ಲಿ ತುಂಬೋ ಫಾರಂನಲ್ಲಿ ಯಾರ ತಪ್ಪು ಅಂತ ಕೇಳೋ ಕಾಲಂ ಇಲ್ಲ. ಪ್ಯಾನೆಲ್ ಕಟ್ ಮಾಡಿ ವೆಲ್ಡ್ ಮಾಡಿದಾರಾ, ಹೌದು ಅಥವಾ ಇಲ್ಲ, ಅಷ್ಟೇ" ಅಂದ. ಬಂದ ಬೆಲೆ 4 ಲಕ್ಷ 55 ಸಾವಿರ.

ಇನ್ನೂ ಮೂರು ಕಡೆ ತೋರಿಸಿದೆ. ಎಲ್ಲಾ ಕಡೆ ಹೆಚ್ಚು ಕಡಿಮೆ ಅದೇ ಬೆಲೆ. ಒಬ್ಬ ಬ್ರೋಕರ್ ಬಂದು, "ಬಿಲ್ ಎಲ್ಲ ಯಾಕೆ ತೋರಿಸ್ತೀರ ಮೇಡಂ? ಸ್ಕ್ರಾಚ್ ಆಗಿತ್ತು, ಟಚಪ್ ಮಾಡಿಸಿದೀವಿ ಅನ್ನಿ. ಮೀಟರ್ ಇಲ್ಲದ ಪಾರ್ಟಿ ನಾನು ಕರ್ಕೊಂಡು ಬರ್ತೀನಿ" ಅಂದರು. ಆ ರಾತ್ರಿ ಮನೆಯಲ್ಲಿ ಇದೇ ಚರ್ಚೆ. ಯಜಮಾನರು, ಎಲ್ಲರೂ ಮಾಡ್ತಾರೆ, ನೀನೊಬ್ಬಳು ಯಾಕೆ ನಷ್ಟ ಮಾಡ್ಕೋತೀಯ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ನಾನು ಹೈಸ್ಕೂಲ್ ಟೀಚರ್. ಮೀಟರ್ ಇಲ್ಲದ ಪಾರ್ಟಿ ಅಂದರೆ ಯಾರು? ನನ್ನ ಹಾಗೆ ಸಂಬಳ ಕೂಡಿಟ್ಟು ಮೊದಲ ಕಾರು ತಗೊಳ್ಳುವ ಯಾರೋ ಒಬ್ಬರು. ಲಾರಿಯಿಂದ ಆದ ನಷ್ಟವನ್ನು ನಾನು ಅವರ ತಲೆಗೆ ಕಟ್ಟಬೇಕು, ಅವರು ಮೂರು ವರ್ಷ ಬಿಟ್ಟು ಇನ್ನೊಬ್ಬರ ತಲೆಗೆ. ಕೊನೆಗೆ ಮೀಟರ್ ಇರುವವರ ಕೈಗೆ ಸಿಕ್ಕಾಗ ಯಾರ ಹತ್ತಿರ ಕಾರು ಇರುತ್ತದೋ ಅವರು ಅಳಬೇಕು. ನಿಜ ಹೇಳಿದವರಿಗೆ ಒಂದು ಲಕ್ಷ ದಂಡ, ಸುಳ್ಳು ಹೇಳಿದವರಿಗೆ ಪೂರ್ತಿ ಬೆಲೆ ಅಂತ ಆದರೆ ಜನ ಏನು ಮಾಡುತ್ತಾರೆ ನೀವೇ ಹೇಳಿ. ನನಗೆ ಈ ವಿಷಯದಲ್ಲಿ ತುಂಬಾ ಬೇಜಾರು ಆಗಿರುವುದು ಇದಕ್ಕೇ, ದುಡ್ಡಿಗಿಂತ ಜಾಸ್ತಿ.

ಅಷ್ಟು ಹೊತ್ತಿಗೆ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ನನ್ನ ತಮ್ಮ ಫೋನ್ ಮಾಡಿದ್ದ. ಅವನು ಅಟ್ಲಾಂಟಾದಲ್ಲಿದ್ದಾನೆ. ವಿಷಯ ಕೇಳಿ, "ಅಕ್ಕ, ನನಗೂ ಹೀಗೇ ಆಗಿತ್ತು, ಆದರೆ ಗುದ್ದಿದವರ ಇನ್ಶೂರೆನ್ಸ್‌ನವರು ರಿಪೇರಿ ದುಡ್ಡಲ್ಲದೆ ಬೆಲೆ ಇಳಿದದ್ದಕ್ಕೆ ಅಂತ ಬೇರೆ ಚೆಕ್ ಕೊಟ್ಟರು" ಅಂದ. ನಾನು ಮೊದಲು ನಂಬಲಿಲ್ಲ. ಆಮೇಲೆ ಕೂತು ಓದಿದೆ. ಆ ರಾಜ್ಯದಲ್ಲಿ 2001ರಲ್ಲಿ ಮೇಬ್ರಿ ಅನ್ನುವವರ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ರಿಪೇರಿ ಎಷ್ಟೇ ಚೆನ್ನಾಗಿ ಆಗಿರಲಿ, ಅಪಘಾತ ಆದ ಕಾರು ಅನ್ನುವ ಕಾರಣಕ್ಕೆ ಬೆಲೆ ಇಳಿದಿದೆಯಾ ಅಂತ ವಿಮಾ ಕಂಪನಿ ನೋಡಲೇಬೇಕು, ಇಳಿದಿದ್ದರೆ ಕೊಡಬೇಕು, ಅದೂ ತನ್ನ ಸ್ವಂತ ಗ್ರಾಹಕರಿಗೂ. ಗುದ್ದಿದವರ ಕಂಪನಿ ಹತ್ತಿರವಂತೂ ಅಮೆರಿಕದ ಬಹಳ ರಾಜ್ಯಗಳಲ್ಲಿ ಇದನ್ನು ಕೇಳಬಹುದು.

ಆ ಕೇಸಿನಿಂದಲೇ ಒಂದು ಲೆಕ್ಕದ ಸೂತ್ರವೂ ಬಂದಿದೆ, 17ಸಿ ಅಂತ ಹೆಸರು. ಕಾರಿನ ಬೆಲೆಯ ನೂರಕ್ಕೆ 10 ತೆಗೆದುಕೊಳ್ಳುತ್ತಾರೆ. ಪೆಟ್ಟು ಎಷ್ಟು ಜೋರು ಅನ್ನುವುದಕ್ಕೆ ಒಂದರಿಂದ ಸೊನ್ನೆವರೆಗೆ ಒಂದು ಅಂಕಿ, ಎಷ್ಟು ಓಡಿದೆ ಅನ್ನುವುದಕ್ಕೆ ಇನ್ನೊಂದು ಅಂಕಿ, ಎರಡರಿಂದಲೂ ಗುಣಿಸುತ್ತಾರೆ. ನನ್ನ ಕಾರಿಗೆ ಸುಮ್ನೆ ಹಾಕಿ ನೋಡಿದೆ. 5 ಲಕ್ಷ 60 ಸಾವಿರದ ಹತ್ತನೇ ಒಂದು 56 ಸಾವಿರ. ಚೌಕಟ್ಟಿಗೂ ತಗಡಿಗೂ ದೊಡ್ಡ ಪೆಟ್ಟು ಅಂದರೆ 0.75, ಅಲ್ಲಿಗೆ 42 ಸಾವಿರ. 42 ಸಾವಿರ ಕಿಲೋಮೀಟರ್ ಅಂದರೆ ಸುಮಾರು 26 ಸಾವಿರ ಮೈಲಿ, ಅದಕ್ಕೆ 0.8. ಕೊನೆಗೆ 33,600 ರೂಪಾಯಿ. ನನಗೆ ನಿಜವಾಗಿ ಆದ ನಷ್ಟದ ಮೂರನೇ ಒಂದು ಭಾಗವೂ ಇಲ್ಲ. ಈ ಸೂತ್ರ ಕಂಪನಿಗಳ ಪರ ಇದೆ ಅಂತ ಅಲ್ಲಿನವರೂ ದೂರುತ್ತಾರೆ. ನನ್ನ ತಮ್ಮ ಕೂಡ ಅವರು ಮೊದಲು ಹೇಳಿದ ಮೊತ್ತಕ್ಕೆ ಒಪ್ಪದೆ, ಬೇರೆ ಮೌಲ್ಯಮಾಪಕರಿಂದ ವರದಿ ಮಾಡಿಸಿ ಕಳಿಸಿದ ಮೇಲೆಯೇ ಹೆಚ್ಚಿಸಿದ್ದು. ಆದರೂ ಅಲ್ಲಿ ಚೌಕಾಸಿ ಮಾಡುವುದಕ್ಕೆ ಒಂದು ಅಂಕಿ ಇದೆ. ನಮಗೆ ಅದೂ ಇಲ್ಲ. ಜರ್ಮನಿಯಲ್ಲಿ ಇನ್ನೂ ಸುಲಭ ಮಾಡಿದ್ದಾರೆ. ಅಪಘಾತವಾದ ಕಾರನ್ನು ನೋಡಿ ಪರಿಣತರು ಬರೆಯುವ ವರದಿಯಲ್ಲೇ ರಿಪೇರಿ ಖರ್ಚಿನ ಜೊತೆಗೆ ಮಾರಾಟ ಬೆಲೆ ಎಷ್ಟು ಇಳಿಯುತ್ತದೆ ಅಂತ ಒಂದು ಸಾಲು ಇರುತ್ತದೆ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ ಅಂತ ಒಬ್ಬ ವಕೀಲರನ್ನು ಕೇಳಿದೆ. ಅವರು ಹೇಳಿದ್ದನ್ನು ಓದುಗರೆಲ್ಲ ತಿಳಿದುಕೊಳ್ಳಬೇಕು, ಯಾಕೆಂದರೆ ನನಗೆ ಮೊದಲೇ ಗೊತ್ತಿದ್ದಿದ್ದರೆ ಇಷ್ಟು ನಷ್ಟ ಆಗುತ್ತಿರಲಿಲ್ಲವೇನೋ.

ನಮ್ಮ ಸ್ವಂತ ಪಾಲಿಸಿಯಲ್ಲಿ ಇದು ಸಿಗುವುದಿಲ್ಲ. ಪರೋಕ್ಷ ನಷ್ಟ, ಸವಕಳಿ ಇವಕ್ಕೆಲ್ಲ ಕಂಪನಿ ಹೊಣೆ ಅಲ್ಲ ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ಐಡಿವಿ ಅಂತ ಒಂದು ಮೊತ್ತ ಬರೆದಿರುತ್ತಾರಲ್ಲ, ಅದು ಕಾರು ಕಳವಾದರೆ ಅಥವಾ ಪೂರ್ತಿ ಹಾಳಾದರೆ ಕೊಡುವ ಮೊತ್ತ, ಮಾರುವಾಗ ಅದರಿಂದ ಏನೂ ಉಪಯೋಗ ಇಲ್ಲ. ವಿಮೆಯ ದೂರು ಕೇಳುವ ಅಧಿಕಾರಿ, ಅಂದರೆ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋದರೂ ಅಲ್ಲಿ ನಮ್ಮ ನಮ್ಮ ಪಾಲಿಸಿಯ ದೂರು ಮಾತ್ರ ನೋಡುತ್ತಾರೆ, ಗುದ್ದಿದವರ ಕಂಪನಿ ಮೇಲೆ ಅಲ್ಲಿ ದೂರು ನಡೆಯುವುದಿಲ್ಲ.

ದಾರಿ ಇರುವುದು ಲಾರಿಯ ಥರ್ಡ್ ಪಾರ್ಟಿ ವಿಮೆಯಲ್ಲಿ. ಥರ್ಡ್ ಪಾರ್ಟಿ ಅಂದರೆ ಸಾವು ನೋವಿಗೆ ಮಾತ್ರ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಬೇರೆಯವರ ಆಸ್ತಿಗೆ ಆದ ಹಾನಿಯೂ ಅದರಲ್ಲಿ ಸೇರಿದೆ. ಕಾರು, ಲಾರಿಗಳ ಪಾಲಿಸಿಯಲ್ಲಿ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ, ಬೈಕಿನದರಲ್ಲಿ ಒಂದು ಲಕ್ಷದವರೆಗೆ. ಪ್ರೀಮಿಯಂನಲ್ಲಿ ಸ್ವಲ್ಪ ಉಳಿಸಲು ಮಾಲೀಕರು ಬರೀ 6 ಸಾವಿರಕ್ಕೆ ಇಳಿಸಿಕೊಂಡಿದ್ದರೆ ಮಾತ್ರ ಕಷ್ಟ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ, ಹಾನಿಯಾದ ವಸ್ತುವಿನ ಮಾಲೀಕರು ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ನಾವು ಎಂವಿಸಿ ಕೇಸು ಅನ್ನುತ್ತೇವಲ್ಲ, ಅದೇ ಕೋರ್ಟು. 168ನೇ ಸೆಕ್ಷನ್ನಿನಲ್ಲಿ ನ್ಯಾಯ ಅಂತ ತೋರುವ ಪರಿಹಾರ ಕೊಡಬೇಕು ಅಂತಿದೆ, ಬರೀ ರಿಪೇರಿ ಬಿಲ್ ಕೊಡಿ ಅಂತಿಲ್ಲ. ನಮ್ಮ ಕಂಪನಿ ಕೊಟ್ಟ ರಿಪೇರಿ ಹಣವನ್ನು ಎರಡನೇ ಸಲ ಕೇಳುವ ಹಾಗಿಲ್ಲ, ಆದರೆ ಅದು ಕೊಡದೆ ಬಿಟ್ಟ ನಷ್ಟವನ್ನು ಕೇಳಲು ಜಾಗ ಇದೆ, ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು ಅಂತ ಅವರು ಹೇಳಿದರು.

ಅಂದರೆ ಆ ಲಾರಿ ಡ್ರೈವರ್ ಹುಡುಗನ ಜೇಬಿಗೆ ಕೈ ಹಾಕುವ ಅಗತ್ಯವೇ ಇರಲಿಲ್ಲ. ಅವನ ಓನರ್ ಪ್ರೀಮಿಯಂ ಕಟ್ಟಿದ್ದೇ ಇದಕ್ಕೆ. ರಸ್ತೆ ಮಧ್ಯೆ ಗಾಡಿ ನಿಲ್ಲಿಸಿಕೊಂಡು ಐದು ಸಾವಿರ ಕೊಡು, ಹತ್ತು ಸಾವಿರ ಕೊಡು ಅಂತ ಡ್ರೈವರುಗಳ ಕಾಲರ್ ಹಿಡಿಯುವವರನ್ನು ದಿನಾ ನೋಡುತ್ತೇವೆ. ಹಿಡಿಯುವವರಿಗೂ ಗೊತ್ತಿಲ್ಲ, ಹಿಡಿಸಿಕೊಳ್ಳುವವರಿಗೂ ಗೊತ್ತಿಲ್ಲ.

ಹಾಗಾದರೆ ಈಗ ಅರ್ಜಿ ಹಾಕೋಣ ಸಾರ್ ಅಂದೆ. ವಕೀಲರು ಆಗಲ್ಲ ಅಂತ ತಲೆ ಆಡಿಸಿದರು. ಎಫ್‌ಐಆರ್ ಇಲ್ಲ, ಸ್ಥಳ ಮಹಜರು ಇಲ್ಲ, ಮೋಟಾರು ವಾಹನ ನಿರೀಕ್ಷಕರ ವರದಿ ಇಲ್ಲ. ಅದಕ್ಕಿಂತ ದೊಡ್ಡದು ಗಡುವು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೆ ಕಾಯ್ದೆಯಲ್ಲಿ ಇರುವುದು ಅದೇ. ನನಗೆ ನಷ್ಟ ಗೊತ್ತಾದದ್ದೇ ಹದಿನೈದು ತಿಂಗಳ ಮೇಲೆ! ಕಾರು ಮಾರಲು ಹೋಗುವವರೆಗೂ ಬೆಲೆ ಎಷ್ಟು ಇಳಿದಿದೆ ಅಂತ ಯಾರಿಗೆ ತಾನೆ ಗೊತ್ತಾಗುತ್ತದೆ? ಆರು ತಿಂಗಳೊಳಗೆ ಯಾರೂ ಮಾರುವುದಿಲ್ಲ, ಮಾರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಗೊತ್ತಾಗದ ನಷ್ಟಕ್ಕೆ ಜನ ಹೇಗೆ ಅರ್ಜಿ ಹಾಕುವುದು?

ಅದಕ್ಕೇ ನನ್ನ ಬೇಡಿಕೆ ತುಂಬಾ ಚಿಕ್ಕದು. ನಷ್ಟ ಆದ ದಿನವೇ ಅಳೆದು ಬರೆದಿಡಿ. ಸರ್ವೇಯರ್ ಹೇಗಿದ್ದರೂ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಯಾವ ಭಾಗ ಕತ್ತರಿಸಿದರು, ಯಾವುದು ಬದಲಾಯಿಸಿದರು ಎಲ್ಲ ಬರೆಯುತ್ತಾರೆ. ಅದೇ ವರದಿಯಲ್ಲಿ ಇನ್ನೊಂದು ಸಾಲು ಸೇರಿಸಲಿ: ಈ ರಿಪೇರಿಯಿಂದ ಮಾರಾಟ ಬೆಲೆ ಇಷ್ಟು ಇಳಿಯುತ್ತದೆ ಅಂತ. ಯಾರ ತಪ್ಪು ಅಂತಲೂ ಬರೆಯಲಿ. ಒಂದು ಪ್ರತಿ ಕಾರಿನ ಮಾಲೀಕರ ಕೈಗೆ ಕೊಡಲಿ. ಆಗ ಆರು ತಿಂಗಳ ಗಡುವು ಇದ್ದರೂ ಜನ ಕೈಯಲ್ಲಿ ಕಾಗದ ಹಿಡಿದು ಹೋಗಬಹುದು. ಬೆಲೆ ಹೇಗೆ ಲೆಕ್ಕ ಹಾಕಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಪಟ್ಟಿ ಮಾಡಲಿ. ತಗಡಿಗೆ ಎಷ್ಟು ಕಳೆಯಬೇಕು, ಪ್ಲಾಸ್ಟಿಕ್ಕಿಗೆ ಎಷ್ಟು ಕಳೆಯಬೇಕು ಅಂತ ವರ್ಷದ ಲೆಕ್ಕದಲ್ಲಿ ಪಟ್ಟಿ ಮಾಡಲು ಬಂದವರಿಗೆ, ಕೊಡುವುದಕ್ಕೂ ಒಂದು ಪಟ್ಟಿ ಮಾಡಲು ಬರುತ್ತದೆ. ಹಾಗೇ, ತಪ್ಪು ಎದುರಿನವರದು ಅಂತ ಪೊಲೀಸ್ ದಾಖಲೆ ಇದ್ದರೆ ನೋ ಕ್ಲೇಮ್ ಬೋನಸ್ ಮುಟ್ಟಬಾರದು.

ಇಂಥ ಚಿಕ್ಕ ಕೇಸುಗಳಿಗೆ ವಕೀಲರೂ ಸುಲಭವಾಗಿ ಸಿಗುವುದಿಲ್ಲ. ಗಾಯದ ಕೇಸಾದರೆ ತಗೋತೀವಿ, ಬರೀ ಗಾಡಿ ಡ್ಯಾಮೇಜ್ ಅಂದರೆ ಖರ್ಚು ಹುಟ್ಟಲ್ಲ ಅಂತ ಇಬ್ಬರು ನೇರವಾಗಿಯೇ ಹೇಳಿದರು. ಲೋಕ ಅದಾಲತ್‌ನಲ್ಲಿ ಅಪಘಾತ ಪರಿಹಾರದ ಕೇಸುಗಳು ರಾಜಿಯಲ್ಲಿ ಮುಗಿಯುವುದನ್ನು ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಗಾಯ ಇಲ್ಲದ, ಬರೀ ವಾಹನ ಹಾನಿಯ ದೂರುಗಳನ್ನು ಕೇಸು ಹಾಕುವ ಮೊದಲೇ ಅಲ್ಲಿ ಎರಡೂ ಕಂಪನಿಯವರನ್ನು ಕೂರಿಸಿ ಮುಗಿಸುವ ಹಾಗೆ ಮಾಡಬಹುದು. ಮೂವತ್ತು ನಲವತ್ತು ಸಾವಿರದ ವಿಷಯಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯಲು ಯಾರಿಗೆ ಪುರುಸೊತ್ತಿದೆ?

ನಿಯಮ ಬದಲಾಗುವವರೆಗೆ ಓದುಗರು ಮಾಡಬಹುದಾದದ್ದು ಇಷ್ಟು. ಹಿಂದಿನಿಂದ ಯಾರಾದರೂ ಗುದ್ದಿದರೆ, ಎಷ್ಟೇ ಪಾಪ ಅನಿಸಿದರೂ, ಎಫ್‌ಐಆರ್ ಮಾಡಿಸಿ. ಗುದ್ದಿದ ವಾಹನದ ನಂಬರ್ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ, ಅದಕ್ಕೆ ಯಾವ ಕಂಪನಿಯ ವಿಮೆ ಇದೆ, ಜಾರಿಯಲ್ಲಿದೆಯಾ ಅಂತ ನೋಡಿ ಬರೆದಿಟ್ಟುಕೊಳ್ಳಿ. ಎರಡೂ ವಾಹನ ಕಾಣುವ ಹಾಗೆ ಫೋಟೋ ತೆಗೆಯಿರಿ. ಸರ್ವೇಯರ್ ವರದಿಯ ಪ್ರತಿ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ರಿಪೇರಿ ಮುಗಿದಾಗ ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಓದಿ, ಇನ್ನು ಯಾರ ಮೇಲೂ ಯಾವ ಹಕ್ಕೂ ಇಲ್ಲ ಅನ್ನುವ ಸಾಲಿದ್ದರೆ ಆ ಸಾಲನ್ನು ತೆಗೆಸಿ. ಮುಖ್ಯವಾಗಿ, ರಿಪೇರಿ ಆದ ಒಂದೆರಡು ತಿಂಗಳಲ್ಲಿ, ಮಾರುವ ಯೋಚನೆ ಇಲ್ಲದಿದ್ದರೂ, ಎರಡು ಮೂರು ಕಡೆ ಕಾರಿನ ಬೆಲೆ ಕಟ್ಟಿಸಿ ಕಾಗದದಲ್ಲಿ ಪಡೆಯಿರಿ. ಆರು ತಿಂಗಳ ಗಡುವಿನೊಳಗೆ ನಷ್ಟ ಇಷ್ಟು ಅಂತ ತೋರಿಸಲು ನನಗೆ ಗೊತ್ತಿರುವ ದಾರಿ ಅದೊಂದೇ.

ನನ್ನ ಕಾರನ್ನು ಗುಬ್ಬಿ ಕಡೆಯ ಒಂದು ಕುಟುಂಬ 4 ಲಕ್ಷ 55 ಸಾವಿರಕ್ಕೇ ಕೊಂಡಿತು. ರಿಪೇರಿ ಬಿಲ್, ಸರ್ವೇ ವರದಿ, ಅಪಘಾತದ ಫೋಟೋ ಎಲ್ಲ ಒಂದು ಫೈಲಿಗೆ ಹಾಕಿ ಕೀಲಿಯ ಜೊತೆ ಕೊಟ್ಟಿದ್ದೇನೆ.

ಬೆಲೆ ಇಳಿದದ್ದಕ್ಕೆ ಪರಿಹಾರ ಕೊಟ್ಟ ಆದೇಶ ನಮ್ಮ ರಾಜ್ಯದ ಯಾವುದಾದರೂ ಟ್ರಿಬ್ಯೂನಲ್‌ನಿಂದ ಯಾರಿಗಾದರೂ ಸಿಕ್ಕಿದ್ದರೆ, ಅವರು ಕೇಸಿನ ನಂಬರಿನ ಸಮೇತ ಈ ಅಂಕಣಕ್ಕೆ ಬರೆಯಲಿ. ಎಷ್ಟೋ ಜನ ಅದನ್ನು ಹಿಡಿದುಕೊಂಡು ಹೋಗಬಹುದು. ನನ್ನ ಗಡುವು ಮುಗಿದಿದೆ, ಆದರೆ ಹೋದ ತಿಂಗಳು ಅಪಘಾತ ಆದವರಿಗೆ ಇನ್ನೂ ಐದು ತಿಂಗಳು ಇದೆ.

ಇಂತಿ,
ಒಬ್ಬ ಶಿಕ್ಷಕಿ, ತುಮಕೂರು